ಗರಿಗರಿಯಾದ ಫ್ರೆಂಚ್ ಫ್ರೈಸ್: ಆಲೂಗಡ್ಡೆಯೊಳಗಿನ ನೀರಿನ ಲೆಕ್ಕ

ಬಾಣಲೆಯಿಂದ ತೆಗೆದಾಗ ಗರಿಗರಿಯಾಗಿದ್ದ ಫ್ರೆಂಚ್ ಫ್ರೈಸ್ ತಟ್ಟೆಗೆ ಬಂದು ಐದು ನಿಮಿಷ ಕಳೆಯುವಷ್ಟರಲ್ಲಿ ಮೆತ್ತಗಾಗಿ ಬಾಗುವುದನ್ನು, ಮನೆಯಲ್ಲಿ ಒಮ್ಮೆಯಾದರೂ ಅದನ್ನು ಮಾಡಿದವರೆಲ್ಲ ನೋಡಿರುತ್ತಾರೆ. ಉರಿ ಸಾಲದೇ ಹೋಯಿತೇನೋ ಎಂದುಕೊಂಡು ಮುಂದಿನ ಸಲ ಜೋರು ಉರಿಯಲ್ಲಿ ಕರಿದರೆ ಹೊರಗೆ ಕಂದು ಬಣ್ಣ ಬಂದಿರುತ್ತದೆ, ಒಳಗೆ ಬೆಂದಿರುವುದಿಲ್ಲ. ಉರಿ ತಗ್ಗಿಸಿದರೆ ಒಳಗೆ ಬೆಂದಿರುತ್ತದೆ, ಆದರೆ ಬೆರಳಿಗೆಲ್ಲ ಎಣ್ಣೆ ಹತ್ತುತ್ತದೆ. ನೋಡಲು ಬೇರೆ ಬೇರೆ ತಪ್ಪುಗಳಂತಿರುವ ಇವುಗಳ ಮೂಲ ಒಂದೇ. ಆಲೂಗಡ್ಡೆಯಲ್ಲಿ ಹೆಚ್ಚುಕಡಿಮೆ ಐದನೆಯ ನಾಲ್ಕು ಭಾಗ ನೀರೇ ಇರುತ್ತದೆ. ಆ ನೀರು ಯಾವ ಭಾಗದಿಂದ, ಯಾವಾಗ, ಎಷ್ಟು ಹೊರಹೋಗಬೇಕು ಎಂಬುದನ್ನು ನಾವು ನಿರ್ಧರಿಸದೆ ಬಾಣಲೆಗೆ ಬಿಟ್ಟುಬಿಡುತ್ತೇವೆ. ನನ್ನ ಅನುಭವದಲ್ಲಿ, ಈ ಒಂದು ಸಂಗತಿ ಮನವರಿಕೆಯಾದ ಮೇಲೆ ಮಸಾಲೆ, ಹಿಟ್ಟು, ದುಬಾರಿ ಉಪಕರಣ ಯಾವುದೂ ಇಲ್ಲದೆ ಮನೆಯಲ್ಲಿಯೇ ಒಳ್ಳೆಯ ಫ್ರೈಸ್ ಬರುತ್ತದೆ.

ಚಿಪ್ಸ್‌ಗೂ ಫ್ರೆಂಚ್ ಫ್ರೈಸ್‌ಗೂ ಇರುವ ವ್ಯತ್ಯಾಸದಿಂದ ಆರಂಭಿಸುವುದು ಒಳ್ಳೆಯದು. ಚಿಪ್ಸ್ ಎಷ್ಟು ತೆಳುವೆಂದರೆ ಕರಿದು ಮುಗಿಯುವಾಗ ಅದರಲ್ಲಿ ನೀರು ಉಳಿದಿರುವುದೇ ಇಲ್ಲವೆನ್ನಬಹುದು. ಆದ್ದರಿಂದ ಡಬ್ಬಿಯಲ್ಲಿ ಮುಚ್ಚಿಟ್ಟರೆ ವಾರಗಟ್ಟಲೆ ಕುರುಕುರು ಎನ್ನುತ್ತದೆ. ಅದನ್ನು ಹಾಳುಮಾಡಬೇಕಾದರೆ ಹೊರಗಿನ ಗಾಳಿಯ ತೇವ ಬರಬೇಕು. ಫ್ರೆಂಚ್ ಫ್ರೈಸ್ ಹಾಗಲ್ಲ. ಅದರ ಹೊರಪದರ ಹಪ್ಪಳದಷ್ಟು ಒಣಗಿರಬೇಕು, ಒಳಭಾಗ ಮಾತ್ರ ಬೇಯಿಸಿದ ಆಲೂಗಡ್ಡೆಯಂತೆ ತೇವವಾಗಿ, ಹಗುರವಾಗಿ, ಪುಡಿಪುಡಿಯಾಗಿ ಇರಬೇಕು. ಅಂದರೆ ಒಣಗಿದ ಪದರವನ್ನು ಮೆತ್ತಗೆ ಮಾಡುವ ನೀರು ಅದರ ಒಡಲಲ್ಲಿಯೇ ಇದೆ, ಮತ್ತು ಬಾಣಲೆಯಿಂದ ಹೊರಬಂದ ಕ್ಷಣದಿಂದಲೇ ಅದು ಹೊರಪದರದ ಕಡೆಗೆ ಸಾಗಲು ತೊಡಗುತ್ತದೆ. ಮಳೆಗಾಲದಲ್ಲಿ ತೆರೆದಿಟ್ಟ ಕರಿದ ಹಪ್ಪಳಕ್ಕೆ ಹೊರಗಿನಿಂದ ಆಗುವುದು ಇದಕ್ಕೆ ಒಳಗಿನಿಂದ ಆಗುತ್ತದೆ. ಒಣಗಿದ ಪಿಷ್ಟ ಗಾಜಿನಂತೆ ಗಡುಸು. ಸ್ವಲ್ಪ ತೇವ ಸೇರಿದರೂ ಅದು ರಬ್ಬರಿನಂತಾಗುತ್ತದೆ. ಹೊರಪದರ ತೆಳುವಾಗಿದ್ದರೆ ಈ ಬದಲಾವಣೆಗೆ ಎರಡು ನಿಮಿಷ ಸಾಕು. ಆದ್ದರಿಂದ ನಾವು ಕಟ್ಟಬೇಕಾದದ್ದು ಒಂದಷ್ಟು ದಪ್ಪವಾದ, ಚೆನ್ನಾಗಿ ಒಣಗಿದ, ಸಣ್ಣ ಸಣ್ಣ ಗುಳ್ಳೆಗಳಿಂದ ಕೂಡಿದ ಕವಚ.

ಎಣ್ಣೆಯೊಳಗೆ ಏನಾಗುತ್ತದೆ

ಕಾದ ಎಣ್ಣೆಗೆ ಆಲೂಗಡ್ಡೆಯ ತುಂಡು ಬಿದ್ದೊಡನೆ ಏಳುವ ನೊರೆ ಎಣ್ಣೆಯದಲ್ಲ, ಅದು ತುಂಡಿನ ಮೇಲ್ಮೈಯ ನೀರು ಆವಿಯಾಗಿ ಹೊರಡುವ ಗುಳ್ಳೆ. ನೀರು ಇರುವವರೆಗೆ ಆ ಜಾಗದ ತಾಪ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಸುತ್ತಲಿನ ಎಣ್ಣೆ 180 ಡಿಗ್ರಿ ಇದ್ದರೂ ಸರಿಯೇ. ಮೇಲ್ಮೈ ಒಣಗಿದ ಮೇಲಷ್ಟೇ ಅದು 100ನ್ನು ದಾಟಿ ಮೇಲೇರುತ್ತದೆ, ಗಟ್ಟಿಯಾಗುತ್ತದೆ, ಬಣ್ಣ ಪಡೆಯುತ್ತದೆ. ಒಣಗಿದ ಪದರ ಮತ್ತು ತೇವವಾದ ಒಳಭಾಗದ ನಡುವಿನ ಗಡಿ ಹೀಗೆ ನಿಧಾನವಾಗಿ ಒಳಕ್ಕೆ ಸರಿಯುತ್ತ ಹೋಗುತ್ತದೆ. ಚಕ್ಕುಲಿ ಕರಿಯುವವರು ನೊರೆ ಇಳಿಯುವುದನ್ನೇ ನೋಡಿ ಬೆಂದಿದೆ ಎಂದು ತೀರ್ಮಾನಿಸುತ್ತಾರಲ್ಲ, ಅದು ನೂರಕ್ಕೆ ನೂರು ಸರಿಯಾದ ಅಳತೆ: ನೊರೆ ಇಳಿಯಿತೆಂದರೆ ಹೊರಬರುವ ನೀರು ಕಡಿಮೆಯಾಯಿತೆಂದು ಅರ್ಥ.

ಎಣ್ಣೆ ಹೀರುವ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಬಾಣಲೆಯಲ್ಲಿ ಹೆಚ್ಚು ಹೊತ್ತು ಇದ್ದಷ್ಟೂ ಎಣ್ಣೆ ಒಳಗೆ ಇಳಿಯುತ್ತ ಹೋಗುತ್ತದೆ ಎಂದು ನಾವು ಭಾವಿಸುತ್ತೇವೆ. ಆದರೆ ಆವಿ ಒಳಗಿನಿಂದ ರಭಸವಾಗಿ ಹೊರನುಗ್ಗುತ್ತಿರುವಾಗ ಎಣ್ಣೆಗೆ ಒಳಹೋಗಲು ದಾರಿ ಸಿಗುವುದಿಲ್ಲ. ಎಣ್ಣೆ ಬಹುಪಾಲು ಒಳಸೇರುವುದು ತುಂಡನ್ನು ಮೇಲೆತ್ತಿದ ನಂತರ. ತುಂಡು ತಣ್ಣಗಾಗುವಾಗ ಹೊರಪದರದ ರಂಧ್ರಗಳಲ್ಲಿದ್ದ ಆವಿ ನೀರಾಗಿ ಕುಗ್ಗುತ್ತದೆ, ಅಲ್ಲಿ ಒತ್ತಡ ಕಡಿಮೆಯಾಗುತ್ತದೆ, ಮೇಲ್ಮೈಗೆ ಅಂಟಿಕೊಂಡಿದ್ದ ಎಣ್ಣೆಯನ್ನು ಆ ರಂಧ್ರಗಳು ಒಳಕ್ಕೆ ಎಳೆದುಕೊಳ್ಳುತ್ತವೆ. ಆದ್ದರಿಂದ ಜಾಲರಿ ಸೌಟಿನಿಂದ ಎತ್ತಿದ ಮೊದಲ ಕೆಲವು ಸೆಕೆಂಡುಗಳಲ್ಲಿ, ಇನ್ನೂ ಬಿಸಿಯಿರುವಾಗಲೇ, ಬಾಣಲೆಯ ಮೇಲೆಯೇ ಚೆನ್ನಾಗಿ ಕೊಡವಿ ಎಣ್ಣೆ ಇಳಿಸುವುದು ಮುಖ್ಯ. ಉರಿ ನಂದಿಸಿ, ತಣ್ಣಗಾಗುತ್ತಿರುವ ಎಣ್ಣೆಯಲ್ಲಿಯೇ ತುಂಡುಗಳನ್ನು ಬಿಟ್ಟು ತಟ್ಟೆ ಹುಡುಕಲು ಹೋಗುವುದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ.

ಸಂಡಿಗೆಯ ಪಾಠ

ಫ್ರೆಂಚ್ ಫ್ರೈಸ್ ಹುಟ್ಟಿದ್ದು ಎಲ್ಲಿ ಎಂಬ ಬಗ್ಗೆ ಫ್ರಾನ್ಸ್ ಮತ್ತು ಬೆಲ್ಜಿಯಂ ನಡುವೆ ವಾದ ಇಂದಿಗೂ ನಿಂತಿಲ್ಲ. ಪ್ಯಾರಿಸ್ಸಿನ ಪಾಂ ನಫ್ ಸೇತುವೆಯ ಬಳಿ ಮಾರುತ್ತಿದ್ದ ಕರಿದ ಆಲೂಗಡ್ಡೆಯ ಹೆಸರು ಒಂದು ಕಡೆಯಾದರೆ, ಬೀದಿ ಬೀದಿಯಲ್ಲಿರುವ ಫ್ರೈಸ್ ಅಂಗಡಿಗಳ ಬೆಲ್ಜಿಯಂ ಇನ್ನೊಂದು ಕಡೆ. ಹುಟ್ಟಿನ ವಾದ ಹೇಗೇ ಇರಲಿ, ಬೆಲ್ಜಿಯಂನವರು ಎಂದೂ ಬಿಡದ ಒಂದು ಕ್ರಮವಿದೆ: ಎರಡು ಸಲ ಕರಿಯುವುದು. ಮೊದಲ ಸಲ ಹದವಾದ ಬಿಸಿಯಲ್ಲಿ, ನಡುವೆ ಬಿಡುವು, ನಂತರ ಹೆಚ್ಚಿನ ಬಿಸಿಯಲ್ಲಿ. ಇದನ್ನು ಕೇಳಿದಾಗ ದೂರದ ದೇಶದ ಕಸುಬಿನ ಗುಟ್ಟು ಎನಿಸಬಹುದು, ಆದರೆ ಬೇಸಿಗೆಯಲ್ಲಿ ಸಂಡಿಗೆ ಮಾಡುವ ಮನೆಗಳಿಗೆ ಇದರ ತತ್ವ ಹೊಸತಲ್ಲ. ಸಂಡಿಗೆಗೆ ಮೊದಲು ಹಿಟ್ಟನ್ನು ನೀರಿನಲ್ಲಿ ಬೇಯಿಸಿ ಅಂಬಲಿ ಮಾಡುತ್ತೇವೆ, ಅದು ತಣಿದು ಗಟ್ಟಿಯಾಗುತ್ತದೆ, ಬಿಸಿಲಿನಲ್ಲಿ ಒಣಗಿಸುತ್ತೇವೆ, ಕೊನೆಗೆ ಕಾದ ಎಣ್ಣೆಯಲ್ಲಿ ಕೆಲವೇ ಸೆಕೆಂಡು ಕರಿಯುತ್ತೇವೆ. ಪಿಷ್ಟವನ್ನು ಬೇಯಿಸು, ತಣಿಸು, ಒಣಗಿಸು, ಆಮೇಲೆ ಕರಿ ಎಂಬ ಈ ಅನುಕ್ರಮವನ್ನೇ ಆಲೂಗಡ್ಡೆಯ ತುಂಡಿನ ಹೊರಪದರಕ್ಕೆ ಮಾತ್ರ ಅನ್ವಯಿಸಿದರೆ ಅದು ಫ್ರೆಂಚ್ ಫ್ರೈಸ್.

ಪಿಷ್ಟದ ಕಣಗಳು ಸುಮಾರು 60ರಿಂದ 70 ಡಿಗ್ರಿಯ ನಡುವೆ ನೀರು ಕುಡಿದು ಉಬ್ಬಿ ಒಡೆದು ಅಂಟಾಗುತ್ತವೆ. ಹಸಿ ಆಲೂಗಡ್ಡೆಯನ್ನು ನೇರವಾಗಿ ಜೋರು ಬಿಸಿಯ ಎಣ್ಣೆಗೆ ಹಾಕಿದಾಗ, ಹೊರಪದರದ ಪಿಷ್ಟಕ್ಕೆ ಹೀಗೆ ಅಂಟಾಗಿ ಹರಡಿಕೊಳ್ಳಲು ಸಮಯ ಸಿಗುವ ಮೊದಲೇ ಅಲ್ಲಿಯ ನೀರು ಹಾರಿಹೋಗುತ್ತದೆ. ಕವಚ ಕಾಗದದಷ್ಟು ತೆಳುವಾಗಿ ಉಳಿಯುತ್ತದೆ. ಮೊದಲು ಬೇಯಿಸಿದರೆ ಅಂಟು ಹೊರಪದರದಲ್ಲಿ ಒಂದಿಷ್ಟು ಆಳದವರೆಗೆ ಹರಡುತ್ತದೆ, ತಣಿದಾಗ ಗಟ್ಟಿಯಾದ ಜಾಲದಂತೆ ಹೆಣೆದುಕೊಳ್ಳುತ್ತದೆ, ಎರಡನೆಯ ಸಲ ಕರಿದಾಗ ಆ ಜಾಲವೇ ದಪ್ಪ ಕವಚವಾಗುತ್ತದೆ. ನಡುವಿನ ಬಿಡುವನ್ನು ಅವಸರದಲ್ಲಿ ಬಿಟ್ಟುಬಿಡುವವರು ಬಹಳ. ಆ ಬಿಡುವಿನಲ್ಲಿ ಒಳಗಿನ ತೇವ ಎಲ್ಲ ಕಡೆ ಸಮನಾಗುತ್ತದೆ, ಮೇಲ್ಮೈಯ ತೇವ ಬಿಸಿಯ ಜೊತೆಗೆ ಆರಿಹೋಗುತ್ತದೆ. ಅದು ಅಡುಗೆಯ ಒಂದು ಹಂತವೇ ಹೊರತು ಕಾಯುವ ಹೊತ್ತಲ್ಲ.

ಕರಿಯುವ ಮೊದಲು ನೀರಿನಲ್ಲಿ ಬೇಯಿಸುವಾಗ ಎದುರಾಗುವ ತೊಂದರೆಯೆಂದರೆ ತುಂಡುಗಳು ಕರಗಿ ಮುರಿಯುವುದು. ಆಲೂಗಡ್ಡೆಯ ಜೀವಕೋಶಗಳನ್ನು ಇಟ್ಟಿಗೆಗಳೆಂದುಕೊಂಡರೆ ಅವುಗಳ ನಡುವಿನ ಗಾರೆಯಂತೆ ಕೆಲಸ ಮಾಡುವುದು ಪೆಕ್ಟಿನ್ ಎಂಬ ಪದಾರ್ಥ. ಕುದಿಯುವ ನೀರಿನಲ್ಲಿ ಪೆಕ್ಟಿನ್ ಕರಗುತ್ತ ಹೋಗುತ್ತದೆ. ನೀರಿಗೆ ಸ್ವಲ್ಪ ಹುಳಿ ಸೇರಿಸಿದರೆ ಈ ಕರಗುವಿಕೆ ಬಹಳ ನಿಧಾನವಾಗುತ್ತದೆ. ಹುಣಸೆಹುಳಿ ಹಾಕಿದ ಮೇಲೆ ಸಾರಿನ ತರಕಾರಿ ಬೇಗ ಬೇಯುವುದಿಲ್ಲ ಎಂದು ಹಿರಿಯರು ಹೇಳುವುದರ ಹಿಂದಿರುವುದೂ ಇದೇ ಕಾರಣ. ಸಾರಿಗೆ ತೊಂದರೆಯಾದ ಈ ಗುಣ ಇಲ್ಲಿ ನೆರವಾಗುತ್ತದೆ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಿನೆಗರ್ ಬೆರೆಸಿದರೆ, ಆಲೂಗಡ್ಡೆಯ ಒಳಗಿನ ಪಿಷ್ಟ ಪೂರ್ತಿ ಬೆಂದರೂ ತುಂಡಿನ ಅಂಚು ಅಂಚಾಗಿಯೇ ಉಳಿಯುತ್ತದೆ. ವಿನೆಗರ್ ಇಲ್ಲದಿದ್ದರೆ ನಿಂಬೆರಸ ಆಗಬಹುದು, ಹುಣಸೆ ಬೇಡ, ಬಣ್ಣ ಕೆಡುತ್ತದೆ. ಒಣ ಆಲೂಗಡ್ಡೆ ಚಿಪ್ಸ್ ಮಾಡುವಾಗ ಕುದಿಯುವ ನೀರಿಗೆ ಪಟಿಕ ಹಾಕುವ ಪದ್ಧತಿ ಅನೇಕ ಮನೆಗಳಲ್ಲಿದೆ. ಅದು ಬೇರೆ ದಾರಿಯಿಂದ ಅದೇ ಪೆಕ್ಟಿನ್ನನ್ನು ಬಿಗಿಗೊಳಿಸುತ್ತದೆ.

ಯಾವ ಆಲೂಗಡ್ಡೆ

ಹುಬ್ಬಳ್ಳಿ ಕಡೆಯವರು ಬಟಾಟಿ ಎನ್ನುವ, ಮೈಸೂರು ಕಡೆಯವರು ಆಲೂಗಡ್ಡೆ ಎನ್ನುವ ಈ ಗಡ್ಡೆ ಪೋರ್ಚುಗೀಸರ ಮೂಲಕ ನಮ್ಮಲ್ಲಿಗೆ ಬಂದದ್ದು. ಕರ್ನಾಟಕದಲ್ಲಿ ಇದರ ದೊಡ್ಡ ನೆಲೆ ಹಾಸನ ಜಿಲ್ಲೆ. ಅಲ್ಲಿ ಮುಂಗಾರಿನ ಆರಂಭಕ್ಕೆ ಪಂಜಾಬಿನಿಂದ ತರಿಸಿದ ಬಿತ್ತನೆ ಗಡ್ಡೆ ನೆಡುತ್ತಾರೆ, ಬಹುಕಾಲದಿಂದ ಹೆಚ್ಚಾಗಿ ಬೆಳೆಯುತ್ತಿರುವುದು ಕುಫ್ರಿ ಜ್ಯೋತಿ ಎಂಬ ತಳಿ. ಕುಫ್ರಿ ಎಂಬುದು ಶಿಮ್ಲಾದ ಹತ್ತಿರದ ಊರು. ಶಿಮ್ಲಾದಲ್ಲಿರುವ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ತಳಿಗಳ ಹೆಸರುಗಳೆಲ್ಲ ಆ ಊರಿನ ಹೆಸರಿನಿಂದ ಆರಂಭವಾಗುತ್ತವೆ. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ಪಲ್ಯಕ್ಕೆ, ಸಾಗುವಿಗೆ, ಮಸಾಲೆ ದೋಸೆಯ ಒಡಲಿಗೆ ಬಹಳ ಒಳ್ಳೆಯದು. ಕರಿಯುವುದಕ್ಕೆ ಬೇಕಾದ ಗುಣ ಬೇರೆ: ಗಟ್ಟಿ ಪದಾರ್ಥ ಹೆಚ್ಚಿರಬೇಕು, ಸಕ್ಕರೆ ಅಂಶ ಕಡಿಮೆಯಿರಬೇಕು. ಅದೇ ಸಂಸ್ಥೆ 1998ರಲ್ಲಿ ಕುಫ್ರಿ ಚಿಪ್ಸೋನಾ ಹೆಸರಿನ ತಳಿಗಳನ್ನು, ನಂತರ ಫ್ರೆಂಚ್ ಫ್ರೈಸ್‌ಗೆಂದೇ ಉದ್ದ ಗಡ್ಡೆಯ ಕುಫ್ರಿ ಫ್ರೈಸೋನಾ ತಳಿಯನ್ನು ಹೊರತಂದಿತು. ಇವುಗಳಲ್ಲಿ ಗಟ್ಟಿ ಪದಾರ್ಥ ಶೇಕಡ 20ಕ್ಕಿಂತ ಹೆಚ್ಚು. ಕುಫ್ರಿ ಜ್ಯೋತಿಗೂ ಇವುಗಳಿಗೂ ಇರುವ ಎರಡು ಮೂರು ಶೇಕಡದ ಅಂತರ ಸಣ್ಣದೆನಿಸಿದರೂ, ಒಂದು ಕಿಲೋ ಆಲೂಗಡ್ಡೆಯಲ್ಲಿ 20ರಿಂದ 30 ಗ್ರಾಂ ನೀರನ್ನು ಹೆಚ್ಚಾಗಿ ಹೊರಹಾಕಬೇಕೆಂದರೆ ಅಷ್ಟು ಹೆಚ್ಚು ಹೊತ್ತು ಎಣ್ಣೆಯಲ್ಲಿರಬೇಕು, ಅಷ್ಟು ಹೆಚ್ಚು ರಂಧ್ರಗಳಾಗಬೇಕು, ಎತ್ತಿದಾಗ ಆ ರಂಧ್ರಗಳು ಅಷ್ಟು ಹೆಚ್ಚು ಎಣ್ಣೆ ಎಳೆಯುತ್ತವೆ.

ಸಂತೆಯಲ್ಲಿ ತಳಿಯ ಹೆಸರು ಹೇಳಿ ಕೊಳ್ಳುವ ಅವಕಾಶ ನಮಗೆ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಗಟ್ಟಿ ಪದಾರ್ಥ ಹೆಚ್ಚಿರುವ ಗಡ್ಡೆ ನೀರಿಗಿಂತ ಭಾರವಾಗಿರುವುದರಿಂದ ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಲೀಟರ್ ನೀರಿನಲ್ಲಿ ಸುಮಾರು 125 ಗ್ರಾಂ ಉಪ್ಪು ಕರಗಿಸಿ, ತೊಳೆದ ಗಡ್ಡೆಗಳನ್ನು ಒಂದೊಂದಾಗಿ ಬಿಟ್ಟು ನೋಡಬೇಕು. ಮುಳುಗಿದವು ಕರಿಯುವುದಕ್ಕೆ, ತೇಲಿದವು ಪಲ್ಯಕ್ಕೆ. ಒಂದೇ ಚೀಲದ ಗಡ್ಡೆಗಳಲ್ಲಿಯೂ ಎರಡೂ ಬಗೆ ಸಿಗುವುದನ್ನು ನೋಡಿದರೆ, ಒಂದೇ ಬಾಣಲೆಯ ಕೆಲವು ತುಂಡುಗಳು ಗರಿಗರಿಯಾಗಿ ಕೆಲವು ಮೆತ್ತಗೆ ಉಳಿಯುವುದೇಕೆ ಎಂಬುದಕ್ಕೂ ಉತ್ತರ ದೊರೆಯುತ್ತದೆ.

ಸಕ್ಕರೆಯ ವಿಷಯ ಇದಕ್ಕಿಂತ ಸೂಕ್ಷ್ಮ. ಆಲೂಗಡ್ಡೆಯನ್ನು ತುಂಬ ತಂಪಿನಲ್ಲಿಟ್ಟರೆ ಅದರ ಪಿಷ್ಟದ ಒಂದು ಭಾಗ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಬದಲಾಗುತ್ತದೆ. ಉತ್ತರ ಭಾರತದಲ್ಲಿ ಫೆಬ್ರವರಿ, ಮಾರ್ಚ್ ಹೊತ್ತಿಗೆ ಕಿತ್ತ ಬೆಳೆ 2ರಿಂದ 4 ಡಿಗ್ರಿಯ ಶೀತಲಗೃಹಗಳಲ್ಲಿ ತಿಂಗಳುಗಟ್ಟಲೆ ಇದ್ದು ನಮ್ಮ ಮಾರುಕಟ್ಟೆಗೆ ಬರುತ್ತದೆ. ಕೆಲವೊಮ್ಮೆ ಆಲೂಗಡ್ಡೆ ಪಲ್ಯ ಅಕಾರಣವಾಗಿ ಸಿಹಿಯಾಗುವುದು ಇದರಿಂದಲೇ. ಅಂಥ ಗಡ್ಡೆಯನ್ನು ಕರಿದರೆ ಕವಚ ಒಣಗುವ ಮೊದಲೇ ಬಣ್ಣ ಕಡುಕಂದು ತಿರುಗುತ್ತದೆ, ನಾವು ಹೆದರಿ ಬೇಗ ಎತ್ತಿಬಿಡುತ್ತೇವೆ, ಎತ್ತಿದ್ದು ಮೆತ್ತಗಾಗುತ್ತದೆ. ಮನೆಯ ಫ್ರಿಜ್ಜಿನಲ್ಲಿ ಇಟ್ಟ ಆಲೂಗಡ್ಡೆಗೂ ಇದೇ ಗತಿ. ಇಂಥ ಗಡ್ಡೆಗಳನ್ನು ಕತ್ತಲೆಯಿರುವ, ಗಾಳಿಯಾಡುವ ಜಾಗದಲ್ಲಿ ಎರಡು ವಾರ ಹೊರಗಿಟ್ಟರೆ ಸಕ್ಕರೆಯ ಒಂದು ಪಾಲು ಮತ್ತೆ ಪಿಷ್ಟವಾಗಿ, ಇನ್ನೊಂದು ಪಾಲು ಉಸಿರಾಟದಲ್ಲಿ ಕರಗಿ, ಗಡ್ಡೆ ಕರಿಯುವ ಹದಕ್ಕೆ ಮರಳುತ್ತದೆ. ಬೆಳಕಿನಲ್ಲಿ ಇಡಬಾರದು, ಹಸಿರಾಗುತ್ತದೆ. ಹಸಿರಾದ ಗಡ್ಡೆಯಲ್ಲಿ ಸೊಲನಿನ್ ಎಂಬ ವಿಷಕಾರಿ ಅಂಶ ಹೆಚ್ಚುವುದರಿಂದ ಅದನ್ನು ಕರಿಯುವುದಿರಲಿ, ತಿನ್ನುವುದೇ ತರವಲ್ಲ.

ಎಣ್ಣೆಯ ಲೆಕ್ಕ

ಮನೆಯ ಫ್ರೈಸ್ ಸೋಲುವುದಕ್ಕೆ ಆಲೂಗಡ್ಡೆಗಿಂತ ಹೆಚ್ಚಾಗಿ ಕಾರಣವಾಗುವುದು ಒಂದೇ ಸಲಕ್ಕೆ ಹೆಚ್ಚು ಹಾಕುವುದು. ಇದನ್ನು ಬರಿಯ ಎಚ್ಚರಿಕೆಯಾಗಿ ಹೇಳಿದರೆ ಯಾರೂ ಕೇಳುವುದಿಲ್ಲ, ಆದ್ದರಿಂದ ಲೆಕ್ಕ ಹಾಕಿಯೇ ನೋಡೋಣ. ಒಂದು ಲೀಟರ್ ಎಣ್ಣೆಯ ತಾಪ ಒಂದು ಡಿಗ್ರಿ ಏರಲು ಅಥವಾ ಇಳಿಯಲು ಸುಮಾರು 2 ಕಿಲೋಜೂಲ್ ಶಾಖ ಬೇಕು. 200 ಗ್ರಾಂ ಆಲೂಗಡ್ಡೆಯನ್ನು ಕೋಣೆಯ ತಾಪದಿಂದ 100 ಡಿಗ್ರಿಗೆ ಬಿಸಿ ಮಾಡಲು ಸುಮಾರು 50 ಕಿಲೋಜೂಲ್ ಬೇಕಾಗುತ್ತದೆ. ಅಂದರೆ ಒಂದು ಲೀಟರ್ ಎಣ್ಣೆ ಸುಮಾರು 25 ಡಿಗ್ರಿ ತಣ್ಣಗಾದರೆ ಆ ಶಾಖ ಒದಗುತ್ತದೆ; 180 ಇದ್ದದ್ದು 155ಕ್ಕೆ ಬರುತ್ತದೆ, ಒಲೆ ಅದನ್ನು ಮತ್ತೆ ಮೇಲೇರಿಸಬಲ್ಲದು. ಅದೇ ಎಣ್ಣೆಗೆ ಅರ್ಧ ಕಿಲೋ ಸುರಿದರೆ ಇಳಿಕೆ 60 ಡಿಗ್ರಿ ದಾಟುತ್ತದೆ, ನೀರು ಆವಿಯಾಗುವ ಕೆಲಸ ಇನ್ನೂ ಸರಿಯಾಗಿ ಆರಂಭವೇ ಆಗಿರುವುದಿಲ್ಲ. 100 ಗ್ರಾಂ ನೀರು ಆವಿಯಾಗಲು ಸುಮಾರು 225 ಕಿಲೋಜೂಲ್ ಬೇಕು, ಅಷ್ಟನ್ನು ಒದಗಿಸಲು ಮನೆಯ ಗ್ಯಾಸ್ ಒಲೆಗೆ ಹಲವು ನಿಮಿಷಗಳೇ ಹಿಡಿಯುತ್ತವೆ. ಆ ಹೊತ್ತಿನಲ್ಲಿ ತುಂಡುಗಳು ಕರಿಯುವುದಿಲ್ಲ, ಎಣ್ಣೆಯಲ್ಲಿ ಬೇಯುತ್ತವೆ. ಹೋಟೆಲಿನಲ್ಲಿ ಹತ್ತಾರು ಲೀಟರ್ ಎಣ್ಣೆಯೂ ದೊಡ್ಡ ಉರಿಯೂ ಇರುವುದರಿಂದ ಅಲ್ಲಿ ಈ ಚಿಂತೆ ಇಲ್ಲ. ಮನೆಯಲ್ಲಿ ಒಂದು ಲೀಟರಿಗೆ 200 ಗ್ರಾಂ ಎಂಬ ಮಿತಿಯನ್ನು ನಾನು ಮೀರುವುದಿಲ್ಲ.

ಎಣ್ಣೆ ಯಾವುದು ಎಂಬ ಪ್ರಶ್ನೆಗೆ, ಸಂಸ್ಕರಿಸಿದ ಶೇಂಗಾ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಎಂಬುದು ನೇರ ಉತ್ತರ. ಇವು 220 ಡಿಗ್ರಿಯವರೆಗೂ ಹೊಗೆಯಾಡುವುದಿಲ್ಲ. ಗಾಣದ ಎಣ್ಣೆಯ ಪರಿಮಳ ಚಟ್ನಿಪುಡಿಗೆ, ಒಗ್ಗರಣೆಗೆ ಸರಿ, ಆದರೆ ಅದು ಸುಮಾರು 160 ಡಿಗ್ರಿಗೇ ಹೊಗೆಯಾಡಲು ತೊಡಗುವುದರಿಂದ ಇಲ್ಲಿ ಒಗ್ಗುವುದಿಲ್ಲ. ತಾಪ ಅಳೆಯುವ ಅಡುಗೆಯ ಥರ್ಮಾಮೀಟರ್ ಒಂದನ್ನು ಕೊಳ್ಳುವುದು ಯಾವ ಹೊಸ ಬಾಣಲೆಗಿಂತಲೂ ಹೆಚ್ಚು ಉಪಯುಕ್ತ. ಅದಿಲ್ಲದಿದ್ದರೆ ಒಂದು ತುಂಡನ್ನೇ ಬಿಟ್ಟು ನೋಡಬೇಕು: ತಳದಲ್ಲಿ ಕೆಲವು ಸೆಕೆಂಡು ನಿಂತು, ಸಣ್ಣ ಗುಳ್ಳೆಗಳೊಡನೆ ನಿಧಾನವಾಗಿ ಮೇಲೆ ಬಂದರೆ ಮೊದಲ ಸಲದ ಹದ, ಬಿದ್ದೊಡನೆ ನೊರೆಯೆದ್ದು ತೇಲಿದರೆ ಎರಡನೆಯ ಸಲದ ಹದ, ಎಣ್ಣೆಯ ಮೇಲೆ ತೆಳು ಹೊಗೆ ಕಂಡರೆ ಮಿತಿ ಮೀರಿದೆ ಎಂದು ತಿಳಿದು ಉರಿ ತಗ್ಗಿಸಬೇಕು.

ಮಾಡುವ ಕ್ರಮ

ನಾಲ್ವರಿಗೆ ಸಾಕಾಗುವಷ್ಟಕ್ಕೆ ಒಂದು ಕಿಲೋ ಉದ್ದನೆಯ ಆಲೂಗಡ್ಡೆ ತೆಗೆದುಕೊಳ್ಳೋಣ. ಕರಿದು ಮುಗಿಯುವಾಗ ಅದರ ತೂಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಸಿಪ್ಪೆ ತೆಗೆದು, ದಪ್ಪ ಒಂದು ಸೆಂಟಿಮೀಟರಿಗಿಂತ ತುಸು ಕಡಿಮೆ ಇರುವಂತೆ ಕೋಲುಕೋಲಾಗಿ ಹೆಚ್ಚಬೇಕು. ಎಲ್ಲವೂ ಒಂದೇ ದಪ್ಪವಿರುವುದು ಅಂದಕ್ಕಲ್ಲ. ದಪ್ಪ ವ್ಯತ್ಯಾಸವಾದರೆ ತೆಳುವಾದದ್ದು ಚಿಪ್ಸ್ ಆಗುವಷ್ಟರಲ್ಲಿ ದಪ್ಪನೆಯದು ಆಗಷ್ಟೇ ಬೇಯುತ್ತಿರುತ್ತದೆ. ಹೆಚ್ಚಿದ್ದನ್ನು ಹೆಚ್ಚಿದಂತೆ ತಣ್ಣೀರಿಗೆ ಹಾಕುತ್ತ ಹೋದರೆ ಕಪ್ಪಾಗುವುದಿಲ್ಲ. ನೀರು ಬಿಳಿಯಾಗುವುದು ಕತ್ತರಿಸಿದ ಕೋಶಗಳಿಂದ ಬಂದ ಪಿಷ್ಟದಿಂದ. ಎರಡು ಮೂರು ಸಲ ನೀರು ಬದಲಿಸಿ ತಿಳಿಯಾಗುವವರೆಗೆ ತೊಳೆಯಬೇಕು. ಈ ಬಿಡಿ ಪಿಷ್ಟ ಮೇಲ್ಮೈಯಲ್ಲಿ ಉಳಿದರೆ ತುಂಡುಗಳು ಒಂದಕ್ಕೊಂದು ಅಂಟುತ್ತವೆ; ಅದರ ಜೊತೆಗೆ ಮೇಲ್ಮೈಯ ಸಕ್ಕರೆಯೂ ತೊಳೆದುಹೋಗುವುದು ಇನ್ನೊಂದು ಲಾಭ.

ಅಗಲ ಪಾತ್ರೆಯಲ್ಲಿ ಎರಡು ಲೀಟರ್ ನೀರು, ಎರಡು ದೊಡ್ಡ ಚಮಚ ವಿನೆಗರ್, ಒಂದು ದೊಡ್ಡ ಚಮಚ ಉಪ್ಪು ಹಾಕಿ ತುಂಡುಗಳನ್ನು ತಣ್ಣನೆಯ ನೀರಿನಲ್ಲಿರುವಾಗಲೇ ಸೇರಿಸಿ ಒಲೆಯ ಮೇಲಿಡಬೇಕು. ಕುದಿಯುವ ನೀರಿಗೆ ಹಾಕಿದರೆ ಹೊರಭಾಗ ಮುಂಚೆ ಬೆಂದು ಒಳಭಾಗ ಹಿಂದುಳಿಯುತ್ತದೆ. ನಿಧಾನವಾಗಿ ಬಿಸಿಯೇರುವಾಗ 50ರಿಂದ 70 ಡಿಗ್ರಿಯ ನಡುವೆ ಆಲೂಗಡ್ಡೆಯದೇ ಒಂದು ಕಿಣ್ವ ಚುರುಕಾಗಿ ಪೆಕ್ಟಿನ್ನನ್ನು ಮತ್ತಷ್ಟು ಬಿಗಿ ಮಾಡುತ್ತದೆ. ಕುದಿ ಬಂದ ಮೇಲೆ ಉರಿ ಸಣ್ಣಗೆ ಮಾಡಿ ಎಂಟರಿಂದ ಹತ್ತು ನಿಮಿಷ ಬಿಡಬೇಕು. ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುವುದರಿಂದ ಮಂಗಳೂರಿಗಿಂತ ಒಂದೆರಡು ನಿಮಿಷ ಹೆಚ್ಚು ಬೇಕಾದೀತು. ಚಾಕುವಿನ ತುದಿ ಅಡ್ಡಿಯಿಲ್ಲದೆ ಇಳಿಯಬೇಕು, ಎತ್ತಿದಾಗ ತುಂಡು ಮುರಿಯಬಾರದು. ನೀರು ಬಸಿದು, ಬಿಳಿ ಪಂಚೆಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿ, ಫ್ಯಾನಿನ ಕೆಳಗೆ ಅರ್ಧ ಗಂಟೆ ಆರಲು ಬಿಡಬೇಕು. ಮುಟ್ಟಿದರೆ ಒದ್ದೆ ಹತ್ತಬಾರದು, ಸ್ವಲ್ಪ ಒರಟೆನಿಸಬೇಕು. ಒದ್ದೆ ತುಂಡು ಎಣ್ಣೆಗೆ ಬಿದ್ದರೆ ಸಿಡಿಯುವ ಅಪಾಯ ಒಂದು, ಎಣ್ಣೆಯ ಶಾಖವೆಲ್ಲ ಮೇಲಿನ ನೀರನ್ನು ಒಣಗಿಸುವುದಕ್ಕೇ ವ್ಯಯವಾಗುವ ನಷ್ಟ ಇನ್ನೊಂದು.

ಬಾಣಲೆಯ ಅರ್ಧಕ್ಕಿಂತ ಹೆಚ್ಚು ಎಣ್ಣೆ ತುಂಬದೆ, ಅದನ್ನು 150ರಿಂದ 160 ಡಿಗ್ರಿಗೆ ಕಾಯಿಸಿ, 200 ಗ್ರಾಂನಷ್ಟು ತುಂಡುಗಳನ್ನು ಮೂರು ನಾಲ್ಕು ನಿಮಿಷ ಕರಿದು, ಬಣ್ಣ ಬರುವ ಮೊದಲೇ ಎತ್ತಬೇಕು. ತುಂಡು ಮಂಕಾದ ತಿಳಿಹಳದಿಯಾಗಿ, ಮೇಲೆ ತೆಳು ಪೊರೆ ಕಟ್ಟಿದಂತೆ ಕಂಡರೆ ಸಾಕು. ಹೀಗೆ ಎಲ್ಲವನ್ನೂ ಕರಿದು ಹರಡಿ ಪೂರ್ತಿ ತಣಿಯಲು ಬಿಡಬೇಕು. ಇದಕ್ಕೆ ಅರ್ಧ ಗಂಟೆ ಸಾಕು, ಆದರೆ ಫ್ರೀಜರಿನಲ್ಲಿ ರಾತ್ರಿಯಿಡೀ ಇಡಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಒಳಗಿನ ನೀರು ಮಂಜುಗಡ್ಡೆಯ ಹರಳುಗಳಾಗಿ ಕೋಶಗಳ ಗೋಡೆಗಳನ್ನು ಒಡೆಯುವುದರಿಂದ ಮರುದಿನ ಕರಿಯುವಾಗ ಆವಿ ಸುಲಭವಾಗಿ ಹೊರಬಂದು ಒಳಭಾಗ ಹೆಚ್ಚು ಹಗುರವಾಗುತ್ತದೆ. ಅಮೆರಿಕದ ಐಡಹೊ ರಾಜ್ಯದ ಜೆ. ಆರ್. ಸಿಂಪ್ಲಾಟ್ ಅವರ ಕಂಪನಿ 1940ರ ದಶಕದಲ್ಲಿ ಹೆಪ್ಪುಗಟ್ಟಿಸಿದ ಫ್ರೈಸ್ ತಯಾರಿಸಿದ್ದರ ಹಿಂದಿನ ಕ್ರಮವೂ ಇದೇ: ಬೇಯಿಸಿ, ಅರೆಕರಿದು, ಹೆಪ್ಪುಗಟ್ಟಿಸುವುದು. ಅಂಗಡಿಯಲ್ಲಿ ಸಿಗುವ ಹೆಪ್ಪುಗಟ್ಟಿದ ಪೊಟ್ಟಣ ಮನೆಯಲ್ಲಿ ಒಂದೇ ಸಲ ಕರಿದರೂ ಗರಿಗರಿಯಾಗುವುದು ಮೊದಲ ಸಲದ ಕೆಲಸ ಕಾರ್ಖಾನೆಯಲ್ಲಿಯೇ ಮುಗಿದಿರುವುದರಿಂದ. ಅದನ್ನಾಗಲಿ ಮನೆಯಲ್ಲಿ ಹೆಪ್ಪುಗಟ್ಟಿಸಿದ್ದನ್ನಾಗಲಿ ಕರಗಲು ಬಿಡದೆ, ಮೇಲಿನ ಬಿಡಿ ಹಿಮವನ್ನು ಕೊಡವಿ, ನೇರವಾಗಿ ಎಣ್ಣೆಗೆ ಹಾಕಬೇಕು. ಕರಗಿದರೆ ಒಳಗಿನ ನೀರೆಲ್ಲ ಮೇಲ್ಮೈಗೆ ಬಂದು ಪಟ್ಟ ಶ್ರಮ ವ್ಯರ್ಥವಾಗುತ್ತದೆ. ಹಿಮದ ತುಂಡುಗಳಿಗೆ ಎಣ್ಣೆಯ ಬಿಸಿ ಇನ್ನೂ ಹೆಚ್ಚು ಇಳಿಯುವುದರಿಂದ ಒಂದು ಸಲಕ್ಕೆ 150 ಗ್ರಾಂಗಿಂತ ಹೆಚ್ಚು ಹಾಕದಿರುವುದು ಲೇಸು.

ಎರಡನೆಯ ಸಲ ಎಣ್ಣೆಯನ್ನು 180 ಡಿಗ್ರಿಗೆ ಕಾಯಿಸಿ, ತುಂಡು ಹಾಕಿದಾಗ ತಾಪ ಇಳಿಯುವುದರಿಂದ ಉರಿ ಜೋರು ಮಾಡಿ, ಮತ್ತೆ 175ರ ಸುತ್ತ ಬಂದಾಗ ಅಲ್ಲಿಯೇ ನಿಲ್ಲಿಸಿಕೊಂಡು ಮೂರು ನಾಲ್ಕು ನಿಮಿಷ ಕರಿಯಬೇಕು. ಮೊದಲ ನಿಮಿಷ ಕೈಯಾಡಿಸಬಾರದು. ನೊರೆ ಇಳಿದು, ಜಾಲರಿಯಲ್ಲಿ ಎತ್ತಿ ಕುಲುಕಿದಾಗ ತುಂಡುಗಳು ಒಂದಕ್ಕೊಂದು ತಾಗಿ ಒಣ ಕಡ್ಡಿಗಳ ಸದ್ದು ಮಾಡಿದರೆ ಕವಚ ಸಿದ್ಧವಾಗಿದೆ. ಬಣ್ಣ ಹೊಂಬಣ್ಣದಲ್ಲಿಯೇ ನಿಲ್ಲಬೇಕು. ಆಲೂಗಡ್ಡೆಯಲ್ಲಿರುವ ಅಸ್ಪರಜೀನ್ ಎಂಬ ಅಮೈನೋ ಆಮ್ಲ ಮತ್ತು ಸಕ್ಕರೆ ಹೆಚ್ಚಿನ ಬಿಸಿಯಲ್ಲಿ ಕೂಡಿದಾಗ ಅಕ್ರಿಲಮೈಡ್ ಎಂಬ ಹಾನಿಕರ ಪದಾರ್ಥ ಉಂಟಾಗುತ್ತದೆ. ಕರಿದ ಆಲೂಗಡ್ಡೆಯಂಥ ಆಹಾರಗಳಲ್ಲಿ ಅದು ಇರುವುದನ್ನು 2002ರಲ್ಲಿ ಸ್ವೀಡನ್ನಿನ ಆಹಾರ ಪ್ರಾಧಿಕಾರ ಪ್ರಕಟಿಸಿದ ಮೇಲೆ, ಬಣ್ಣ ಕೇವಲ ರುಚಿಯ ಪ್ರಶ್ನೆಯಾಗಿ ಉಳಿದಿಲ್ಲ. ಐರೋಪ್ಯ ಒಕ್ಕೂಟದ 2017ರ ನಿಯಮಾವಳಿ ಎಣ್ಣೆಯನ್ನು 175 ಡಿಗ್ರಿಗಿಂತ ಕೆಳಗೆ ಇರಿಸಿಕೊಂಡು ಕರಿಯಲು ಸೂಚಿಸುವುದೂ ಇದಕ್ಕಾಗಿಯೇ. ತೊಳೆಯುವುದು, ಮೊದಲು ಬೇಯಿಸುವುದು, ಫ್ರಿಜ್ಜಿನಲ್ಲಿಡದಿರುವುದು ಇವೆಲ್ಲ ಗರಿಗರಿತನಕ್ಕೆ ನೆರವಾಗುವಂತೆಯೇ ಈ ಅಪಾಯವನ್ನೂ ತಗ್ಗಿಸುತ್ತವೆ.

ಬಾಣಲೆಯ ಮೇಲೆಯೇ ಕೊಡವಿದ ಫ್ರೈಸನ್ನು ಅಗಲ ಪಾತ್ರೆಗೆ ಹಾಕಿ, ಕಾಗದದಿಂದ ಒಮ್ಮೆ ಒತ್ತಿ, ತಕ್ಷಣ ನುಣ್ಣನೆಯ ಉಪ್ಪು ಉದುರಿಸಿ ಕುಲುಕಬೇಕು. ಕರಿಯುವ ಮೊದಲು ಮೇಲೆ ಉಪ್ಪು ಹಚ್ಚಿದರೆ ಅದು ಒಳಗಿನ ನೀರನ್ನು ಹೊರಗೆಳೆಯುತ್ತದೆ, ತಣಿದ ಮೇಲೆ ಉದುರಿಸಿದರೆ ಹಿಡಿಯುವುದಿಲ್ಲ. ಕರಾವಳಿಯಲ್ಲಿ ಬಾಳೆಕಾಯಿ ಚಿಪ್ಸ್ ಕರಿಯುವಾಗ ಉಪ್ಪುನೀರನ್ನು ಬಾಣಲೆಗೇ ಚಿಮುಕಿಸುವುದನ್ನು ನೋಡಿದವರು ಇಲ್ಲಿಯೂ ಹಾಗೆ ಮಾಡಲು ಹೋಗಬಾರದು. ಅದು ಕೈ ಪಳಗಿದವರ ಕೆಲಸ, ಮೇಲಾಗಿ ಆ ಚಿಪ್ಸ್ ಪೂರ್ತಿ ಒಣಗುವವರೆಗೆ ಎಣ್ಣೆಯಲ್ಲಿರುತ್ತದೆ.

ಕಾರ್ನ್‌ಫ್ಲೋರ್ ಅಥವಾ ಅಕ್ಕಿಹಿಟ್ಟು ಹೊರಳಿಸಿ ಕರಿಯುವ ಪದ್ಧತಿಯ ಬಗ್ಗೆಯೂ ಹೇಳಬೇಕು. ಹಿಟ್ಟಿನ ಪದರ ಬೇಗ ಒಣಗಿ ಗಟ್ಟಿಯಾಗುವುದರಿಂದ ಅದು ಕೆಲಸ ಮಾಡುತ್ತದೆ ಎಂಬುದು ನಿಜ, ತೇಲುವ ಜಾತಿಯ ಗಡ್ಡೆ ಬಿಟ್ಟರೆ ಬೇರೆ ಸಿಗದಿದ್ದಾಗ ಒಂದು ಕಿಲೋಗೆ ಎರಡು ಚಮಚ ಅಕ್ಕಿಹಿಟ್ಟು ಉದುರಿಸುವುದು ತಪ್ಪಲ್ಲ. ಆದರೆ ಆಗ ಬಾಯಿಗೆ ಸಿಗುವ ಗರಿಗರಿತನ ಬಜ್ಜಿಯದು, ಆಲೂಗಡ್ಡೆಯದಲ್ಲ. ಏರ್ ಫ್ರೈಯರಿನ ವಿಷಯವೂ ಹೀಗೆಯೇ. ಬಿಸಿ ಗಾಳಿ ಎಣ್ಣೆಯಷ್ಟು ವೇಗವಾಗಿ ಶಾಖ ಕೊಡಲಾರದು, ಆದ್ದರಿಂದ ಕವಚ ಕಟ್ಟುವ ಹೊತ್ತಿಗೆ ಒಳಭಾಗವೂ ಒಣಗಿರುತ್ತದೆ. ಎಣ್ಣೆ ಕಡಿಮೆ ತಿನ್ನಬೇಕಾದವರು ವಿನೆಗರ್ ನೀರಿನಲ್ಲಿ ಬೇಯಿಸಿ ಆರಿಸಿದ ತುಂಡುಗಳಿಗೆ ಒಂದೆರಡು ಚಮಚ ಎಣ್ಣೆ ಸವರಿ ಅದರಲ್ಲಿ ಮಾಡಿದರೆ, ಹಸಿ ತುಂಡು ಹಾಕಿದ್ದಕ್ಕಿಂತ ಎಷ್ಟೋ ಮೇಲಾದ ಫಲ ಸಿಗುತ್ತದೆ.

ಬಡಿಸುವಾಗ ಮುಚ್ಚಳ ಮುಚ್ಚಬಾರದು, ಎತ್ತರದ ಬಟ್ಟಲಿನಲ್ಲಿ ರಾಶಿ ಹಾಕಬಾರದು. ಮೇಲೇಳುವ ಆವಿ ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಫ್ರೈಸ್ ಮೇಲೆಯೇ ಬೀಳುತ್ತದೆ. ಎಲ್ಲರೂ ಕುಳಿತ ಮೇಲೆ ಎರಡನೆಯ ಸಲದ ಕರಿಯುವಿಕೆ ಆರಂಭಿಸುವುದು ಒಳ್ಳೆಯ ರೂಢಿ. ಮೊದಲ ಸಲ ಕರಿದದ್ದು ಫ್ರೀಜರಿನಲ್ಲಿ ಒಂದೆರಡು ತಿಂಗಳು ಕೆಡದೆ ಇರುವುದರಿಂದ ಬಿಡುವಿನ ದಿನ ಎರಡು ಕಿಲೋ ಮಾಡಿಟ್ಟುಕೊಂಡರೆ ಆಮೇಲೆ ಬೇಕೆನಿಸಿದಾಗ ಹದಿನೈದು ನಿಮಿಷದ ಕೆಲಸ. ಉಳಿದ ಎಣ್ಣೆ ತಣಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ಕತ್ತಲೆಯಲ್ಲಿಟ್ಟು, ಇನ್ನೊಂದೆರಡು ಸಲ ಬಳಸಬಹುದು. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಹೆಚ್ಚುವ ಕೆಟ್ಟ ಸಂಯುಕ್ತಗಳಿಗೆ ಭಾರತದ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರ 2018ರ ಜುಲೈ 1ರಿಂದ ಶೇಕಡ 25ರ ಮಿತಿ ವಿಧಿಸಿದೆ. ಮನೆಯಲ್ಲಿ ಅದನ್ನು ಅಳೆಯುವ ಸಾಧನವಿಲ್ಲ, ಆದರೆ ಎಣ್ಣೆ ಕಪ್ಪಾಗಿ, ಮಂದವಾಗಿ, ಕಡಿಮೆ ಬಿಸಿಗೇ ಹೊಗೆಯಾಡಿ, ತುಂಡು ತೆಗೆದ ಮೇಲೂ ನೊರೆ ಉಳಿಸಿಕೊಂಡರೆ ಅದನ್ನು ಮತ್ತೆ ಒಲೆಗೇರಿಸಬಾರದು. ಅದನ್ನು ಸಿಂಕಿಗೆ ಸುರಿದರೆ ಕೊಳವೆ ಕಟ್ಟಿಕೊಳ್ಳುವುದರಿಂದ, ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿ ಒಣ ಕಸದ ಜೊತೆ ಕೊಡುವುದು ಸರಿ.